ರುಚಿ ನೋಡದ ಅಡುಗೆ

ನಮ್ಮ ಮನೆಯಲ್ಲಿ ಸತ್ತವರಿಗೆಂದು ಮಾಡುವ ಅಡುಗೆಯ ರುಚಿಯನ್ನು ಯಾರೂ ನೋಡುವ ಹಾಗಿಲ್ಲ. ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಳ್ಳುವ ಹಾಗಿಲ್ಲ, ಬೆರಳಿಗೆ ಹತ್ತಿದ ಹಿಟ್ಟನ್ನು ನೆಕ್ಕುವ ಹಾಗಿಲ್ಲ. ಅವರು ಉಂಡು ಎದ್ದ ಮೇಲೆಯೇ ನಮಗೆ. ಚಿಕ್ಕವಳಿದ್ದಾಗ ಇದು ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತಿತ್ತು. ಹಸಿದು ಕೂತವರು ನಾವು, ಮೊದಲ ತುತ್ತು ಗೋಡೆಯ ಫೋಟೋದಲ್ಲಿರುವವರಿಗೆ. ಇದೆಂತಹ ನ್ಯಾಯ ಎಂದು ಕೇಳಿದರೆ ಅಮ್ಮ, ನೀನೂ ಒಂದು ದಿನ ಫೋಟೋ ಆಗ್ತಿ, ಆಗ ಗೊತ್ತಾಗ್ತದೆ ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅವಳು ಇದನ್ನೆಲ್ಲ ಹೇಳುತ್ತಿದ್ದದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಅರ್ಧ ಖಾರ ಇಳಿದುಹೋಗುತ್ತದೆ, ಏನು ಮಾಡುವುದು.

ಈ ಬಡಿಸುವಿಕೆಗೆ ಅಗೆಲು ಎನ್ನುತ್ತೇವೆ. ಆಟಿ ತಿಂಗಳಲ್ಲಿ, ಅಂದರೆ ಮಳೆ ಬಿಡದೆ ಹೊಯ್ಯುವ ಜುಲೈ, ಆಗಸ್ಟ್ ಹೊತ್ತಿಗೆ ನಡೆಯುತ್ತದೆ. ಕ್ರಮ ದೊಡ್ಡದೇನಲ್ಲ. ದೀಪ ಹಚ್ಚುವ ಹೊತ್ತಿಗೆ ಒಳಕೋಣೆಯಲ್ಲಿ ಬಾಳೆಯ ತುದಿಯ ಕೊಡಿ ಎಲೆ ಹಾಕಿ, ತೀರಿಹೋದವರಿಗೆ ಬದುಕಿದ್ದಾಗ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಡಿಸುವುದು. ಮನೆಯ ಹಿರಿಯರೊಬ್ಬರು ಕೈಮುಗಿದು, ಬಂದು ಉಣ್ಣಿ ಎಂದು ಕರೆಯುತ್ತಾರೆ. ಆಮೇಲೆ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂರಬೇಕು. ಅವರು ಉಣ್ಣುವಾಗ ಬದುಕಿರುವವರು ಅಲ್ಲಿರಬಾರದು. ಸ್ವಲ್ಪ ಹೊತ್ತು ಬಿಟ್ಟು ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗಿ, ಎಲೆಯಿಂದ ಒಂದಿಷ್ಟು ತೆಗೆದು ಎಲ್ಲರಿಗೂ ಹಂಚಿದ ಮೇಲೆ ಮನೆಮಂದಿಯ ಊಟ. ನಮ್ಮ ಊಟ ಮುಗಿಯುವ ತನಕ ಆ ಎಲೆಯನ್ನು ತೆಗೆಯುವುದಿಲ್ಲ, ದೀಪದ ಮುಂದೆಯೇ ಇರುತ್ತದೆ.

ಇದನ್ನೆಲ್ಲ ನಂಬುತ್ತೀರಾ ಎಂದು ಕೇಳುವವರಿದ್ದಾರೆ. ನನಗೆ ಸಿಟ್ಟು ಬರುತ್ತದೆ. ಒಬ್ಬರನ್ನು ಊಟಕ್ಕೆ ಕರೆಯಲಿಕ್ಕೆ ನಂಬಿಕೆ ಯಾಕೆ ಬೇಕು? ಅವರು ಬಾರದಿದ್ದರೂ ನಾವು ಕರೆದದ್ದು ಸುಳ್ಳಾಗುತ್ತದೆಯೇ?

ಈಗ ಮಂಗಳೂರಿನಲ್ಲಿ ಆಟಿ ಎಂದರೆ ಹಾಲ್‌ಗಳಲ್ಲಿ ನಡೆಯುವ ಕಾರ್ಯಕ್ರಮ. ಸ್ಟೀಲ್ ಟ್ರೇಗಳಲ್ಲಿ ಸಾಲಾಗಿ ಪತ್ರೊಡೆ, ತಗಟೆ ಸೊಪ್ಪಿನ ಪಲ್ಯ, ಹಲಸಿನ ಬೀಜದ ಗಸಿ, ಮೆಂತೆ ಗಂಜಿ. ಜರಿಯಂಚಿನ ಸೀರೆ ಉಟ್ಟವರು ಪ್ಲೇಟನ್ನು ಕೆನ್ನೆಯ ಹತ್ತಿರ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ಹೋಗಿದ್ದೇನೆ, ನಾನೂ ಫೋಟೋ ತೆಗೆಸಿಕೊಂಡಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆದರೆ ಅಪ್ಪನ ಬಾಲ್ಯದಲ್ಲಿ ಆಟಿ ಎಂದರೆ ಹಸಿವು. ನಾಟಿ ಮುಗಿದಿರುತ್ತಿತ್ತು, ಅಕ್ಕಿ ಮುಡಿ ಬರಿದಾಗಿರುತ್ತಿತ್ತು, ಕೆಲಸ ಇರುತ್ತಿರಲಿಲ್ಲ. ಬೇಲಿ ಬದಿಯಲ್ಲಿ ಎದ್ದ ಕೆಸುವು, ಹಿಂದಿನ ಬೇಸಿಗೆಯಲ್ಲಿ ಉಪ್ಪು ನೀರಿಗೆ ಹಾಕಿಟ್ಟ ಹಲಸಿನ ಸೊಳೆ, ಅಷ್ಟೇ ಗತಿ. ನಾವು ಬೇರೆ ಎಂತದೂ ಇಲ್ಲ ಅಂತ ತಿಂದದ್ದನ್ನು ಇವರು ಟಿಕೆಟ್ ತೆಗೊಂಡು ತಿಂತಾರೆ ಮಾರಾಯ್ತಿ ಎಂದು ಅಪ್ಪ ನಗುತ್ತಿದ್ದರು. ಆ ನಗುವಿನಲ್ಲಿ ಕಹಿ ಇರಲಿಲ್ಲ. ಅವರಿಗೆ ಆ ತಿಂಡಿಗಳ ಮೇಲೆ ನಿಜವಾದ ಆಸೆಯಿತ್ತು. ಹಸಿವಿನಲ್ಲಿ ತಿಂದದ್ದರ ರುಚಿ ಹೊಟ್ಟೆ ತುಂಬಿದ ಮೇಲೂ ಹೋಗುವುದಿಲ್ಲವೇನೋ.

ಅಪ್ಪ ಉಪ್ಪಿನ ಮನುಷ್ಯ. ಗದ್ದೆ ಬಿಟ್ಟು ಬಂದು ಕಾವೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟು ಒಂದು ಮನೆ ಕಟ್ಟಿದವರು. ಊಟಕ್ಕೆ ಕೂತರೆ ಸಾರಿನಲ್ಲಿ ಎಷ್ಟೇ ಇರಲಿ, ಬಟ್ಟಲಿನ ಅಂಚಿಗೆ ಒಂದಿಷ್ಟು ಕಲ್ಲುಪ್ಪು ಬೇಕು. ಸಿಹಿಗೂ ಬೇಕು. ಅರಶಿನ ಎಲೆಗೆ ಅಕ್ಕಿಹಿಟ್ಟು ಸವರಿ, ಕಾಯಿ ಬೆಲ್ಲ ತುಂಬಿ, ಮಡಚಿ ಹಬೆಯಲ್ಲಿ ಬೇಯಿಸುವ ಗಟ್ಟಿ ಇದೆಯಲ್ಲ, ಅದರ ಹಿಟ್ಟಿನಲ್ಲಿ ಉಪ್ಪು ಸರಿ ಬೀಳದಿದ್ದರೆ ಒಳಗಿನ ಬೆಲ್ಲವೂ ಸಪ್ಪೆ ಎನ್ನುವುದು ಅವರ ವಾದ. ಅಮ್ಮ ಬೇರೆ ಯಾವ ವಿಷಯದಲ್ಲೂ ಅಪ್ಪನನ್ನು ಒಪ್ಪಿದವಳಲ್ಲ, ಇದನ್ನು ಮಾತ್ರ ಒಪ್ಪುತ್ತಿದ್ದಳು. ಅವಳ ಗಟ್ಟಿಯ ಹೊರಪದರ ಉಪ್ಪುಪ್ಪು, ಅದನ್ನು ದಾಟಿ ಒಳಗೆ ಹೋದರೆ ಬೆಲ್ಲ. ಹಬೆಯಿಂದ ತೆಗೆದು ಎಲೆ ಬಿಡಿಸುವಾಗ ಅರಶಿನದ ಘಮ ಗೇಟಿನ ತನಕ ಬರುತ್ತಿತ್ತು.

ಹೀಗಿದ್ದ ಮನುಷ್ಯನ ಕಿಡ್ನಿ ಕೈಕೊಟ್ಟಿತು. ಡಾಕ್ಟರು ಉಪ್ಪು ಬೇಡ ಎಂದರು. ನೀರನ್ನೂ ಅಳತೆ ಮಾಡಿಯೇ ಕುಡಿಯಬೇಕು ಎಂದರು. ಉಪ್ಪು ತಿಂದವ ನೀರು ಕುಡಿಯಲೇಬೇಕು ಅಂತ ಗಾದೆ ಉಂಟು, ನನಗೆ ಎರಡೂ ಇಲ್ಲ, ಹಾಗಾದ್ರೆ ನಾನು ತಪ್ಪು ಮಾಡದ ಮನುಷ್ಯ ಅಂತ ಲೆಕ್ಕ ಎಂದು ಅಪ್ಪ ಆಸ್ಪತ್ರೆಯಿಂದ ಬರುವಾಗ ಕಾರಿನಲ್ಲಿ ಹೇಳಿದರು. ಅಮ್ಮನಿಗೆ ನಗು ಬರಲಿಲ್ಲ. ಅವಳು ಆಗಲೇ ಯುದ್ಧಕ್ಕೆ ನಿಂತಾಗಿತ್ತು.

ಮೊದಮೊದಲು ಎರಡು ಪಾತ್ರೆಯಲ್ಲಿ ಅಡುಗೆ ಮಾಡಿದಳು, ಅವರಿಗೆ ಬೇರೆ, ಅವಳಿಗೆ ಬೇರೆ. ಅವಳು ಬಟ್ಟೆ ಒಣಗಿಸಲು ಹೋದಾಗ ಅಪ್ಪ ಅವಳ ಪಾತ್ರೆಗೆ ಸೌಟು ಹಾಕುತ್ತಿದ್ದರು. ಸಿಕ್ಕಿಬಿದ್ದ ದಿನದಿಂದ ಅಮ್ಮ ಒಂದೇ ಪಾತ್ರೆಗೆ ಬಂದಳು, ಆ ಪಾತ್ರೆಗೆ ಉಪ್ಪೇ ಇಲ್ಲ. ತಾನೂ ಅದನ್ನೇ ಉಂಡಳು. ಉಪ್ಪಿನ ಭರಣಿ ಮೇಲಿನ ಕಪಾಟಿಗೆ ಹೋಯಿತು. ನಾವು ಹೋದಾಗ ಅದನ್ನು ಇಳಿಸಿ ತನ್ನ ಮೊಣಕೈ ಹತ್ತಿರ ಇಟ್ಟುಕೊಂಡು, ಬೇಕಾದವರಿಗೆ ತಾನೇ ಚಿಟಿಕೆ ಹಾಕಿ ಮುಚ್ಚುತ್ತಿದ್ದಳು. ಬ್ಯಾಂಕಿನ ಕ್ಯಾಶಿಯರ್ ಕೂಡ ಅಷ್ಟು ಬಿಗಿಯಲ್ಲ.

ಅಪ್ಪನೂ ಸುಮ್ಮನಿದ್ದವರಲ್ಲ. ಒಂದು ಮಳೆಗಾಲದಲ್ಲಿ ಪರಿಚಯದ ಅಂಗಡಿಯಿಂದ ಹಿಡಿ ಕಲ್ಲುಪ್ಪು ಕಾಗದದಲ್ಲಿ ಕಟ್ಟಿಸಿಕೊಂಡು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಊಟದ ಹೊತ್ತಿಗೆ ಒಂದು ಹರಳು ತೆಗೆದು ಅನ್ನದೊಳಗೆ ಸೇರಿಸುವ ಉಪಾಯ. ಮಳೆಗಾಲದ ಉಪ್ಪು ಸುಮ್ಮನೆ ಇರುತ್ತದೆಯೇ? ನೀರು ಬಿಟ್ಟಿತು. ಜೇಬು ಯಾಕೆ ಚಂಡಿ ಎಂದು ಅಮ್ಮ ಕೇಳಿದಳು. ಬೆವರು ಎಂದರು ಅಪ್ಪ. ಬೆವರು ಬರೇ ಜೇಬಿಗೆ ಬರುವುದಾ ಎಂದು ಅಮ್ಮ. ಮುಂದಿನ ಒಂದು ವಾರ ಆ ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಮಾತಿರಲಿಲ್ಲ. ನಾನು ಕುಲಶೇಖರದ ನನ್ನ ಮನೆಯಿಂದ ದಿನಾ ಫೋನ್ ಮಾಡಿ ಇಬ್ಬರ ದೂರನ್ನೂ ಬೇರೆ ಬೇರೆಯಾಗಿ ಕೇಳಿಸಿಕೊಳ್ಳುತ್ತಿದ್ದೆ. ಇಬ್ಬರೂ ಹೇಳುತ್ತಿದ್ದದ್ದು ಸರಿಯೇ.

ಅಪ್ಪನ ಕೊನೆಯ ಬೇಸಿಗೆ. ಮಂಚದಿಂದ ಗೇಟಿಗೆ ಹೋಗಿ ಬರುವುದೇ ಅವರಿಗೆ ಪ್ರಯಾಣವಾಗಿತ್ತು. ಒಂದು ಮಧ್ಯಾಹ್ನ ನಾನು ಅಲ್ಲಿದ್ದೆ. ಅಪ್ಪ ಅಮ್ಮನನ್ನು ಕರೆದು ಗಂಜಿ ಕೇಳಿದರು. ಉಪ್ಪು ಹಾಕಿದ ಗಂಜಿ, ಒಂದು ಮಾವಿನ ಮಿಡಿ. ಕೇಳಿದ ರೀತಿಯಲ್ಲಿ ಜಗಳವಿರಲಿಲ್ಲ, ಉಪಾಯವೂ ಇರಲಿಲ್ಲ. ಅಮ್ಮ ಮಂಚದ ಅಂಚಿನಲ್ಲಿ ಕೂತು, ನಾಳಿದ್ದಿನ ರಿಪೋರ್ಟ್ ಒಂದು ಸರಿ ಬರಲಿ ಎಂದಳು.

"ಆಟಿ ಬರ್ಲಿ. ಪತ್ರೊಡೆ ಮಾಡ್ತೇನೆ, ಗಟ್ಟಿ ಮಾಡ್ತೇನೆ. ಉಪ್ಪು ಹಾಕಿಯೇ ಮಾಡ್ತೇನೆ. ಒಂದು ದಿನ ನಿಮ್ಮ ಇಷ್ಟದ ಹಾಗೆ. ಆಗ ನಾನು ಎಂತದೂ ಹೇಳುವುದಿಲ್ಲ."

ಆಯ್ತು ಎಂದರು ಅಪ್ಪ. ಸಪ್ಪೆ ಗಂಜಿಯನ್ನೇ ಕುಡಿದರು. ಮಳೆ ಶುರುವಾಗುವ ಮೊದಲೇ ತೀರಿಕೊಂಡರು.

ಅಮ್ಮ ಅಳಲಿಲ್ಲ. ಇದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿಲ್ಲ, ನನಗೆ ಹೆದರಿಕೆಯಾಗಿತ್ತು. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಬಂದವರಿಗೆ ಊಟ ಸಾಕಾಯಿತೇ, ಪಾತ್ರೆಗಳು ಸರಿಯಾಗಿ ವಾಪಸು ಹೋದವೇ ಎಂದು ಓಡಾಡಿದಳು. ಬಂದ ಹೆಂಗಸರು ಗಟ್ಟಿಗಿತ್ತಿ ಎಂದರು. ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಅವಳು ಹೇಳಿದ್ದು ಒಂದೇ ಮಾತು. ಆಟಿಯಲ್ಲಿ ಅವರಿಗೆ ನಾನೇ ಬಡಿಸಬೇಕು, ಅಡುಗೆಯವರನ್ನು ಕರೀಬೇಡಿ, ನಾನು ಮಾತು ಕೊಟ್ಟಿದ್ದೇನೆ ಎಂದಳು.

ಹಾಗಾಗಿ ಆ ವರ್ಷದ ಅಗೆಲು ನಮಗೆಲ್ಲ ಒಂದು ಶಾಸ್ತ್ರವಾಗಿರಬಹುದು, ಅಮ್ಮನಿಗೆ ಅದು ಬಾಕಿ ಉಳಿದ ಒಂದು ಊಟ. ದುಬೈಯಿಂದ ಅಣ್ಣ ಅತ್ತಿಗೆ ಅಲ್ಲಿಯ ಶಾಲೆಗಳ ರಜೆಗೆ ಬಂದಿದ್ದರು. ಅಪ್ಪನ ತಮ್ಮ, ಶಕ್ತಿನಗರದ ನಮ್ಮ ಚಿಕ್ಕಪ್ಪ, ಕರೆಯುವ ಹಿರಿಯನಾಗಿ ಬಿಳಿ ಪಂಚೆ ಉಟ್ಟು ಮಧ್ಯಾಹ್ನವೇ ಬಂದು ಕೂತಿದ್ದರು. ಚಿಕ್ಕಪ್ಪನದು ಎಲ್ಲದಕ್ಕೂ ಕ್ರಮ. ಎಲೆಯ ತುದಿ ಇತ್ತ ಬೇಡ ಅತ್ತ, ನೀರು ಬಲಕ್ಕೆ, ಬತ್ತಿ ಎರಡು. ಅವರ ಎದುರು ಚಪ್ಪಲಿ ಬಿಡುವುದಕ್ಕೂ ಯೋಚನೆ ಮಾಡಬೇಕು.

ನಾನು ಕೆಸುವಿನ ಎಲೆಯ ಕಟ್ಟು ಹಿಡಿದುಕೊಂಡು ಹೋಗುವಾಗ ಅಮ್ಮ ಮಸಾಲೆ ರುಬ್ಬಿ ಮುಗಿಸಿದ್ದಳು. ಅಕ್ಕಿ, ಮೆಣಸು, ಹುಳಿ, ಕೊತ್ತಂಬರಿ ಸೇರಿದ ಕೆಂಪು ಹಿಟ್ಟು ದೊಡ್ಡ ಪಾತ್ರೆಯಲ್ಲಿ. ಒಂದು ಒಲೆಯಲ್ಲಿ ಊರ ಕೋಳಿ ಬೇಯುತ್ತಿತ್ತು, ರೊಟ್ಟಿಗೆ ಬೇಕಲ್ಲ. ನನಗೆ ಕೊಟ್ಟ ಕೆಲಸ ಎಲೆಯ ಹಿಂದಿನ ನಾರು ತೆಗೆದು ಕೊಡುವುದು ಮಾತ್ರ. ಅವಳು ಎಲೆಯ ಮೇಲೆ ಹಿಟ್ಟು ಹಚ್ಚಿ, ಮತ್ತೊಂದು ಎಲೆ ಇಟ್ಟು, ಮತ್ತೆ ಹಚ್ಚಿ, ಅಂಚು ಮಡಚಿ ಸುತ್ತುತ್ತಿದ್ದಳು. ಅವರಿಗೆ ಹುಳಿ ಸ್ವಲ್ಪ ಮುಂದೆ ಬೇಕು, ಇಲ್ಲದಿದ್ದರೆ ಗಂಟಲು ತುರಿಸ್ತದೆ ಅಂತ ನನ್ನ ತಲೆ ತಿಂತಾರೆ ಎಂದಳು. ತಿಂತಾರೆ ಎಂದದ್ದನ್ನು ನಾನು ತಿದ್ದಲಿಲ್ಲ. ಎಷ್ಟೋ ದಿನಗಳ ನಂತರ ಅವಳ ಮುಖದಲ್ಲಿ ಬೆಳಕು ಕಂಡಿದ್ದೆ. ಪತ್ರೊಡೆಯ ಸುರುಳಿಗಳು ಹಬೆಗೆ ಹೋದವು, ಅವು ಇಳಿದ ಮೇಲೆ ಗಟ್ಟಿ. ಅಡುಗೆಮನೆಯ ಕಿಟಕಿಯ ಗಾಜಿನ ಮೇಲೆಲ್ಲ ನೀರು.

ದೀಪ ಹಚ್ಚುವ ಹೊತ್ತಿಗೆ ಎಲೆ ತುಂಬಿತು. ಪತ್ರೊಡೆಯ ಬಿಲ್ಲೆಗಳು, ರೊಟ್ಟಿಯ ಮೇಲೆ ಹೊಯ್ದ ಕೋಳಿ ಸಾರು, ಕುಚ್ಚಲಕ್ಕಿ ಅನ್ನ, ಬಸಳೆ, ಎಲೆ ಅರ್ಧ ಬಿಡಿಸಿದ ಎರಡು ಗಟ್ಟಿ. ಚಿಕ್ಕಪ್ಪ ಕೈಮುಗಿದು ಕರೆದರು. ನಾವು ಹೊರಗೆ ಬಂದು ಚಾವಡಿಯಲ್ಲಿ ಕೂತೆವು. ಆ ಹೊತ್ತಿನಲ್ಲಿ ಯಾರೂ ಮಾತಾಡುವುದಿಲ್ಲ. ಅಮ್ಮ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು. ಬಡಿಸಿ ಬಂದ ಹೆಂಡತಿಯರು ಗಂಡ ಏನು ಹೇಳುತ್ತಾನೋ ಎಂದು ಕಾಯುವುದುಂಟಲ್ಲ, ಹಾಗೆ.

ಚಿಕ್ಕಪ್ಪ ಕೆಮ್ಮಿ, ತಟ್ಟಿ, ಬಾಗಿಲು ತೆರೆದರು. ಎಲೆಯಿಂದ ತೆಗೆದ ಪಾಲು ಎಲ್ಲರ ಕೈಗೆ ಬಂತು. ಮೊದಲು ಬಾಯಿಗಿಟ್ಟವರು ಅವರೇ. ಅಗಿಯುವುದನ್ನು ಒಂದು ಕ್ಷಣ ನಿಲ್ಲಿಸಿದರು, ಮತ್ತೆ ಅಗಿದರು. ನಾನು ಪತ್ರೊಡೆಯ ತುಂಡನ್ನು ಬಾಯಿಗೆ ಹಾಕಿಕೊಂಡೆ. ಹುಳಿ ಇತ್ತು, ಖಾರ ಇತ್ತು. ಅಣ್ಣ ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿ ಕೋಳಿಯ ಚೂರನ್ನು ತಿಂದೆ, ಗಟ್ಟಿಯನ್ನೂ ತಿಂದೆ. ಯಾವುದರಲ್ಲೂ ಒಂದು ಹರಳು ಉಪ್ಪಿರಲಿಲ್ಲ.

ಬಡಿಸಿಕೊಂಡು ಊಟಕ್ಕೆ ಕೂತೆವು. ಅಮ್ಮನೂ ಕೂತು ಸಮಾಧಾನವಾಗಿ ಉಣ್ಣುತ್ತಿದ್ದಳು. ಅವಳ ನಾಲಿಗೆಗೆ ಏನೂ ಕೊರತೆ ಕಾಣಲಿಲ್ಲ, ಕಾಣುವುದಾದರೂ ಹೇಗೆ, ವರ್ಷಗಟ್ಟಲೆ ಅದನ್ನೇ ಉಂಡವಳು. ಕೈಗೂ ಅದೇ ಅಭ್ಯಾಸವಾಗಿತ್ತು. ಮೆಣಸು, ಹುಳಿ, ಬೆಲ್ಲ ಎಲ್ಲದರ ಅಳತೆಯೂ ಆ ಕೈಗೆ ನೆನಪಿತ್ತು, ಉಪ್ಪಿನ ಭರಣಿಯ ಕಡೆಗೆ ಹೋಗುವುದೊಂದನ್ನು ಅದು ಮರೆತಿತ್ತು. ಬೇರೆ ಯಾವ ದಿನವಾದರೂ ನಮ್ಮಲ್ಲಿ ಯಾರೋ ಒಬ್ಬರು ಚೂರು ಬಾಯಿಗೆ ಹಾಕಿ ಹೇಳುತ್ತಿದ್ದೆವು. ಆ ಒಂದು ದಿನ ಹಾಗೆ ಮಾಡುವಂತಿಲ್ಲ. ಚಿಕ್ಕಪ್ಪ, ಅಣ್ಣ, ನಾನು, ಮೂವರೂ ಕಣ್ಣಿನಲ್ಲೇ ಒಪ್ಪಂದ ಮಾಡಿಕೊಂಡು, ಸಪ್ಪೆ ಸಾರಿನಲ್ಲಿ ರೊಟ್ಟಿ ನೆನೆಸಿ ತಿನ್ನತೊಡಗಿದೆವು.

ಅತ್ತಿಗೆ ಕೊನೆಗೆ ಕೂತವಳು. ಅವಳಿಗೆ ನಮ್ಮ ಒಪ್ಪಂದ ಗೊತ್ತಿರಲಿಲ್ಲ. ಎರಡು ತುತ್ತು ತಿಂದು, ಬಹಳ ಮರ್ಯಾದೆಯಿಂದಲೇ, ಸ್ವಲ್ಪ ಉಪ್ಪು ಉಂಟಾ ಅತ್ತೆ ಎಂದಳು.

ಅಮ್ಮ ಅವಳ ಮುಖ ನೋಡಿದಳು. ನಂತರ ನಮ್ಮೆಲ್ಲರ ಬಟ್ಟಲು ನೋಡಿದಳು. ಪತ್ರೊಡೆಗೂ ಇಲ್ವಾ ಎಂದು ನನ್ನನ್ನು ಕೇಳಿದಳು. ಗಟ್ಟಿಗೂ ಹಾಕ್ಲಿಲ್ವಾ ಎಂದಳು. ಪರವಾಗಿಲ್ಲಮ್ಮ, ಮೇಲಿಂದ ಹಾಕಿಕೊಂಡರೆ ಆಯ್ತು ಎಂದು ಅಣ್ಣ ಏನೋ ಹೇಳಲು ಹೋದ. ಅದು ಅವಳ ಕಿವಿಗೆ ಬೀಳಲಿಲ್ಲ. ನಮ್ಮ ಬಾಯಿಯ ಚಿಂತೆ ಅವಳಿಗಿರಲಿಲ್ಲ. ಒಳಕೋಣೆಯ ಕಡೆ ತಿರುಗಿ, ಅವರು ಪುನಃ ಸಪ್ಪೆಯೇ ಉಂಡ್ರು ಎಂದಳು.

ನಾನು ಎದ್ದು ಹೋಗಿ ಅವಳ ಭುಜ ಹಿಡಿದೆ. ಅವಳು ಕೊಡವಿಕೊಂಡು ಅಡುಗೆಮನೆಗೆ ಹೋದಳು. ಕುರ್ಚಿ ಎಳೆದ ಸದ್ದು, ಕಪಾಟು ತೆರೆದ ಸದ್ದು. ಉಪ್ಪಿನ ಭರಣಿ ಹಿಡಿದುಕೊಂಡು ಬಂದಳು. ಎಲೆ ಇನ್ನೂ ದೀಪದ ಮುಂದೆಯೇ ಇತ್ತು.

ಚಿಕ್ಕಪ್ಪ ಅಡ್ಡ ಬಂದರು. ಬಾಗಿಲು ತೆರೆದಾಯಿತು, ಅವರು ಉಂಡು ಎದ್ದು ಹೋಗಿಯಾಯಿತು, ಎದ್ದುಹೋದವರ ಎಲೆಗೆ ಪುನಃ ಬಡಿಸುವ ಕ್ರಮ ಇಲ್ಲ, ಬರುವ ವರ್ಷ ಸರಿಯಾಗಿ ಮಾಡುವ ಎಂದರು. ಗಟ್ಟಿಯಾಗಿ ಹೇಳಲಿಲ್ಲ, ಅಣ್ಣನ ಹೆಂಡತಿಗೆ ಕೊಡುವ ಮರ್ಯಾದೆ ಕೊಟ್ಟೇ ಹೇಳಿದರು. ಅಮ್ಮ ನಿಂತಲ್ಲೇ ನಿಂತಳು.

"ಎದ್ದು ಹೋದ್ರೂ ಎಲ್ಲಿ ತನಕ ಹೋಗಿರ್ತಾರೆ? ಇಲ್ಲಿಂದ ಗೇಟಿಗೆ ಹೋಗ್ಲಿಕ್ಕೆ ಅವರಿಗೆ ಎಷ್ಟು ಹೊತ್ತು ಬೇಕಿತ್ತು ಅಂತ ನಿಮಗೆ ಗೊತ್ತುಂಟಲ್ಲ."

ಕೊನೆಯ ದಿನಗಳಲ್ಲಿ ಆ ಗೇಟಿನ ತನಕ ಅಪ್ಪನ ಕೈಹಿಡಿದು ನಡೆಸಿದವರು ಚಿಕ್ಕಪ್ಪನೇ. ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟರು, ಹೊರಗಿನ ನಳ್ಳಿಯಲ್ಲಿ ಕೈಕಾಲು ತೊಳೆದುಕೊಂಡು ಬಂದರು. ಪಂಚೆಯನ್ನು ಸರಿಮಾಡಿಕೊಂಡು ಹೊಸ್ತಿಲಲ್ಲಿ ನಿಂತು ಹೊರಗಿನ ಮಳೆಗೆ ಮುಖಮಾಡಿ ಕೈಮುಗಿದರು.

"ಅಣ್ಣಾ, ಸ್ವಲ್ಪ ನಿಲ್ಲಿ. ಅತ್ತಿಗೆ ಕರೀತಾರೆ. ಉಪ್ಪು ಹಾಕ್ಲಿಕ್ಕೆ ಉಂಟಂತೆ."

ಇಂತಹ ಕರೆಯನ್ನು ನಾನು ಯಾವ ಅಗೆಲಿನಲ್ಲೂ ಕೇಳಿಲ್ಲ. ಅಣ್ಣ ಗೋಡೆಗೆ ಮುಖ ತಿರುಗಿಸಿದ.

ಅಮ್ಮ ಎಲೆಯ ಮುಂದೆ ಕೂತು ಭರಣಿಯ ಮುಚ್ಚಳ ತೆಗೆದಳು. ನಾನೂ ಪಕ್ಕದಲ್ಲಿ ಕೂತೆ. ಪತ್ರೊಡೆಯ ಮೇಲೆ ಒಂದು ಚಿಟಿಕೆ ಉದುರಿಸಿದಳು. ಸಾರಿಗೆ ಒಂದು ಚಿಟಿಕೆ. ಗಟ್ಟಿಯ ಎಲೆಯನ್ನು ಪೂರ್ತಿ ಬಿಡಿಸಿ ಹಿಟ್ಟಿನ ಮೇಲೆ ಇನ್ನೂ ಸಣ್ಣ ಚಿಟಿಕೆ. ಅವಳ ಬೆರಳು ಪ್ರತಿ ಸಲವೂ ಹಾಕುವ ಮೊದಲು ಅರ್ಧ ಉಪ್ಪನ್ನು ಭರಣಿಗೇ ವಾಪಸು ಉದುರಿಸುತ್ತಿತ್ತು. ಇಷ್ಟು ವರ್ಷ ಬಿಗಿಹಿಡಿದ ಕೈ, ಬಿಡು ಎಂದರೆ ಬಿಡುತ್ತದೆಯೇ?

ಅಪ್ಪನಿಗೆ ಇಷ್ಟು ಸಾಲ್ದಮ್ಮ, ಇನ್ನೂ ಸ್ವಲ್ಪ ಹಾಕು ಎಂದೆ ನಾನು. ಅವಳು ಮುಷ್ಟಿಯಲ್ಲಿ ಉಪ್ಪು ತೆಗೆದಳು. ಎಲೆಯ ಮೇಲೆ ಕೈ ನಿಂತಿತು. ಡಾಕ್ಟರರ ಎದುರು ಕೂತು ಕೇಳುತ್ತಿದ್ದಳಲ್ಲ, ಅದೇ ದನಿಯಲ್ಲಿ ನನ್ನನ್ನು ಕೇಳಿದಳು.

"ಹಾಕಬಹುದಾ?"

ಹಾಕಬಹುದು ಎಂದೆ.

"ಹೌದಲ್ಲ. ಇನ್ನು ಎಷ್ಟು ತಿಂದ್ರೂ ಅವರಿಗೆ ಎಂತದೂ ಆಗುವುದಿಲ್ಲ."

ಹೇಳಿ ಮುಗಿಸಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ಮುಷ್ಟಿ ಬಿಚ್ಚಿತು. ಉಪ್ಪು ಎಲೆಯ ಮೇಲೆ, ನೆಲದ ಮೇಲೆ, ಅವಳ ಸೀರೆಯ ಮೇಲೆ ಚೆಲ್ಲಿತು. ಅಪ್ಪ ಹೋದ ದಿನ ಅಳದವಳು, ಬೊಜ್ಜದ ದಿನ ಅಳದವಳು, ಆ ಎಲೆಯ ಮುಂದೆ ಬಾಗಿ ದೊಡ್ಡ ದನಿ ತೆಗೆದು ಅತ್ತಳು. ನನಗೆ ಅವಳನ್ನು ಮುಟ್ಟಲು ಧೈರ್ಯ ಬರಲಿಲ್ಲ.

ಚಿಕ್ಕಪ್ಪ ನನ್ನನ್ನು ಸನ್ನೆ ಮಾಡಿ ಎಬ್ಬಿಸಿದರು. ಅಣ್ಣನನ್ನೂ ಅತ್ತಿಗೆಯನ್ನೂ ಚಾವಡಿಗೆ ಕಳುಹಿಸಿದರು. ಕೊನೆಗೆ ತಾವೂ ಹೊರಗೆ ಬಂದು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು. ಅಮ್ಮನನ್ನು ಹೊರಗೆ ಕರೆಯಲಿಲ್ಲ.